38 ಕೆ.ಜಿ. ಪೆಟ್ಟಿಗೆಗೆ 84 ಕೆ.ಜಿ. ಬಾಡಿಗೆ ಏಕೆ?

ಪ್ರಶ್ನೆ: ಚನ್ನಪಟ್ಟಣದಲ್ಲಿ ಮರದ ಗೊಂಬೆ ಮಾಡುವವರು ನಾವು. ಹುಬ್ಬಳ್ಳಿಯ ಅಂಗಡಿಗೆ ಪಾರ್ಸೆಲ್ ಲಾರಿಯಲ್ಲಿ ಒಂದು ಪೆಟ್ಟಿಗೆ ಕಳುಹಿಸಿದೆವು. ಅಳತೆ 36, 24, 24 ಇಂಚು. ತಕ್ಕಡಿಯಲ್ಲಿ 38 ಕೆ.ಜಿ. ತೂಗಿತು. ರಸೀದಿಯಲ್ಲಿ 84 ಕೆ.ಜಿ. ಎಂದು ಬರೆದು ಬಾಡಿಗೆ ಪಡೆದರು. ಇದು ಮೋಸವಲ್ಲವೇ? ದರಕ್ಕೆ ಸರ್ಕಾರದ ಕಡಿವಾಣವಿಲ್ಲವೇ?
– ಗೊಂಬೆ ತಯಾರಕರು, ಚನ್ನಪಟ್ಟಣ

ಉತ್ತರ: ಮೋಸವಲ್ಲ. ಆದರೆ ಕೌಂಟರಿನಲ್ಲಿದ್ದವರು ನಿಮಗೆ ಲೆಕ್ಕ ಬಿಡಿಸಿ ಹೇಳಬೇಕಿತ್ತು. ಕಲಾಸಿಪಾಳ್ಯದ ಬುಕಿಂಗ್ ಕೌಂಟರಿನಲ್ಲಿ 22 ವರ್ಷ ಕುಳಿತವನು ನಾನು. ಹೇಳದೆ ಬರೆದುಕೊಳ್ಳುವ ಆ ಅಭ್ಯಾಸ ನನಗೆ ಎಂದೂ ಹಿಡಿಸಲಿಲ್ಲ.

ಲಾರಿ ತುಂಬುವುದು ಎರಡು ಬಗೆಯಲ್ಲಿ, ತೂಕದಿಂದ ಇಲ್ಲವೇ ಜಾಗದಿಂದ. 24 ಅಡಿ ಉದ್ದ, 7 ಅಡಿ ಅಗಲ, 7 ಅಡಿ ಎತ್ತರದ ಲಾರಿಯಲ್ಲಿ 1,176 ಘನ ಅಡಿ ಜಾಗವಿರುತ್ತದೆ. ಅದು 8 ಟನ್ ಹೊರುವುದಾದರೆ ಘನ ಅಡಿಗೆ ಹೆಚ್ಚುಕಡಿಮೆ 7 ಕೆ.ಜಿ. ಬೀಳುತ್ತದೆ. ಅದಕ್ಕಿಂತ ಹಗುರವಾದ ಸರಕು ಜಾಗ ತಿನ್ನುತ್ತದೆ, ತೂಕ ಕೊಡುವುದಿಲ್ಲ. ಹಾಗಾಗಿ ಅದಕ್ಕೆ ಬಾಡಿಗೆ ಹಿಡಿಯುವುದು ಜಾಗದ ಲೆಕ್ಕದಲ್ಲಿ. ನಿಮ್ಮ ಪೆಟ್ಟಿಗೆ 12 ಘನ ಅಡಿ. ಏಳರಿಂದ ಗುಣಿಸಿದರೆ 84. ಕೆಲವರು ಏಳರ ಬದಲು 6, 8 ಅಥವಾ 10 ಹಿಡಿಯುತ್ತಾರೆ. ಬುಕ್ ಮಾಡುವ ಮುನ್ನ ಕೇಳಬೇಕಾದ ಮೊದಲ ಪ್ರಶ್ನೆಯೇ ಅದು.

ಆಲೆಮರದ ಗೊಂಬೆ ಹಗುರ. ಅದರ ಸುತ್ತ ನೀವು ತುರುಕುವ ಕಾಗದ ಇನ್ನೂ ಹಗುರ. ಒಳಗಿನ ಕಾಗದದ ಒತ್ತಡಕ್ಕೆ ರಟ್ಟಿನ ಪೆಟ್ಟಿಗೆ ಹೊಟ್ಟೆ ಬಿಟ್ಟರೆ ಅಳತೆ ಟೇಪು ಹಿಡಿಯುವುದು ಆ ಉಬ್ಬಿನ ಮೇಲೆಯೇ. ಮೂರೂ ಕಡೆ ಎರಡೆರಡು ಇಂಚು ಉಬ್ಬಿದರೆ 84 ಇದ್ದದ್ದು 104 ಆಗುತ್ತದೆ. ಗೊಂಬೆಗಳನ್ನು ಒತ್ತಾಗಿ ಜೋಡಿಸಿ ಎತ್ತರವನ್ನು 18 ಇಂಚಿಗೆ ಇಳಿಸಿ ನೋಡಿ, 63ಕ್ಕೆ ಬರುತ್ತದೆ. ಹಮಾಲಿ, ರಸೀದಿ ಶುಲ್ಕ, ಮನೆಬಾಗಿಲಿಗೆ ತಲುಪಿಸುವ ಖರ್ಚು ಬೇರೆ. ಅವನ್ನೂ ಬಿಡಿಬಿಡಿಯಾಗಿ ಬರೆಸಿಕೊಳ್ಳಿ.

ಇನ್ನು ಕಡಿವಾಣದ ಮಾತು. ಸರಕು ಬಾಡಿಗೆಯ ಬಗ್ಗೆ ನಿರ್ದೇಶನ ನೀಡುವ ಅಧಿಕಾರವನ್ನು 1988ರ ಮೋಟಾರು ವಾಹನ ಕಾಯ್ದೆ ರಾಜ್ಯ ಸರ್ಕಾರಕ್ಕೆ ಕೊಟ್ಟಿದೆ. ಆದರೂ ಪಾರ್ಸೆಲ್ ದರವನ್ನು ನಿರ್ಧರಿಸುವುದು ಪೈಪೋಟಿ, ಡೀಸೆಲ್ ಬೆಲೆ ಮತ್ತು ನಿಮ್ಮ ಚೌಕಾಸಿ. ತಿಂಗಳಿಗೆ ಹತ್ತು ಪೆಟ್ಟಿಗೆ ಕಳುಹಿಸುವವರಾದರೆ ಖಂಡಿತ ಕೇಳಿ, ಇಳಿಸುತ್ತಾರೆ.

ನನಗೆ ಹೆಚ್ಚು ಕಳವಳವಿರುವುದು ಬೇರೆ ವಿಷಯದಲ್ಲಿ. 1865ರ ಹಳೆಯ ಕಾನೂನಿನ ಜಾಗಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ ಮತ್ತು ಅದರ 2011ರ ನಿಯಮಗಳ ಪ್ರಕಾರ, ಸರಕು ಕಳೆದರೆ ಅಥವಾ ಕೆಟ್ಟರೆ ಸಾಗಣೆದಾರರ ಹೊಣೆ ಸಾಮಾನ್ಯವಾಗಿ ಬಾಡಿಗೆಯ ಹತ್ತು ಪಟ್ಟಿಗೆ ಸೀಮಿತ. 600 ರೂಪಾಯಿ ಬಾಡಿಗೆಗೆ 6,000 ರೂಪಾಯಿ. ಒಳಗಿರುವ ಗೊಂಬೆಗಳ ಬೆಲೆ 22,000 ಇದ್ದರೂ ಅಷ್ಟೇ. ಹೆಚ್ಚು ಬೆಲೆಯನ್ನು ಬುಕಿಂಗ್ ಸಮಯದಲ್ಲೇ ಘೋಷಿಸಿ, ಅದಕ್ಕೆ ಹೇಳುವ ಹೆಚ್ಚುವರಿ ದರ ಕಟ್ಟಿ, ರಸೀದಿಯಲ್ಲಿ ಬರೆಸಿ. ನಷ್ಟವಾದರೆ ಬುಕ್ ಮಾಡಿದ ದಿನದಿಂದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಡಬೇಕು. ಪೆಟ್ಟಿಗೆ ಒಡೆದಿದ್ದರೆ ಸಹಿ ಹಾಕುವ ಮುನ್ನವೇ ರಸೀದಿಯ ಮೇಲೆ ಅದನ್ನು ಬರೆಯುವಂತೆ ಹುಬ್ಬಳ್ಳಿಯ ಅಂಗಡಿಯವರಿಗೂ ಇಂದೇ ತಿಳಿಸಿ.