ಹೋಟೆಲಿನ ಮುಸುರೆಯಿಂದ ಬಯೋ ಸಿಎನ್‌ಜಿ ಮಾಡಿ ಟೆಂಪೋ ಓಡಿಸಬಹುದೇ?

ಪುಣೆಯ ಕೋಥರೂಡ್‌ನಲ್ಲಿ ಹೋಟೆಲ್ ನಡೆಸುತ್ತಿದ್ದೇನೆ, ದಿನಕ್ಕೆ ಸುಮಾರು 150 ಕಿಲೋ ಹಸಿ ಕಸ ಬೀಳುತ್ತದೆ, ಅದರಿಂದ ಗ್ಯಾಸ್ ಮಾಡಿ ತರಕಾರಿ ತರುವ ಟೆಂಪೋಗೆ ತುಂಬಿಸಿಕೊಳ್ಳಬಹುದೇ ಎಂದು ಕೇಳಿದ್ದೀರಿ. ಒಲೆಗೆ ಖಂಡಿತ ಆಗುತ್ತದೆ. ಟೆಂಪೋಗೆ, ನಿಮ್ಮ ಪ್ರಮಾಣದಲ್ಲಿ, ಬೇಡ. ನಾನು ಅಥಣಿ ಕಡೆಯವನು. ಪುಣೆ ಜಿಲ್ಲೆಯ ಒಂದು ಬಯೋಗ್ಯಾಸ್ ಘಟಕದಲ್ಲಿ ಡೈಜೆಸ್ಟರ್, ಅಂದರೆ ಕಸ ಕೊಳೆತು ಗ್ಯಾಸ್ ಆಗುವ ಮುಚ್ಚಿದ ತೊಟ್ಟಿ, ನೋಡಿಕೊಳ್ಳುವುದು ನನ್ನ ಕೆಲಸ.

ಮೊದಲು ಲೆಕ್ಕ. ಒಂದು ಟನ್ ಅಡುಗೆಮನೆ ಕಸದಿಂದ ಸುಮಾರು 100 ಘನ ಮೀಟರ್ ಗ್ಯಾಸ್ ಹುಟ್ಟುತ್ತದೆ. ನಿಮ್ಮ 150 ಕಿಲೋಗೆ 15 ಘನ ಮೀಟರ್. ಒಲೆಯಲ್ಲಿ ಉರಿಸಿದರೆ ಅದು ಆರು, ಆರೂವರೆ ಕಿಲೋ ಎಲ್‌ಪಿಜಿಗೆ ಸಮ. ಅಂದರೆ ಮೂರು ದಿನಕ್ಕೊಂದು 19 ಕಿಲೋ ಕಮರ್ಷಿಯಲ್ ಸಿಲಿಂಡರ್ ಉಳಿಯುತ್ತದೆ. ಇದು ಸಣ್ಣ ಉಳಿತಾಯವಲ್ಲ. ಕೊಳವೆ ಎಳೆದು ಇಡ್ಲಿ ಬಾಯ್ಲರಿಗೋ ಸಾಂಬಾರಿನ ಒಲೆಗೋ ಜೋಡಿಸಿದರೆ ಮುಗಿಯಿತು.

ವಾಹನದ ವಿಷಯ ಬೇರೆ. ತೊಟ್ಟಿಯಿಂದ ಬರುವ ಗ್ಯಾಸ್‌ನಲ್ಲಿ ಮೀಥೇನ್ ಇರುವುದು ನೂರಕ್ಕೆ 55ರಿಂದ 60 ಭಾಗ. ಉಳಿದದ್ದು ಬಹುಪಾಲು ಕಾರ್ಬನ್ ಡೈಆಕ್ಸೈಡ್. ಜೊತೆಗೆ ನೀರಾವಿ, ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್. ವಾಹನಕ್ಕೆ ಕನಿಷ್ಠ ಶೇ. 90 ಮೀಥೇನ್ ಇರಬೇಕೆಂದು ಭಾರತೀಯ ಮಾನಕ ಐಎಸ್ 16087 ಹೇಳುತ್ತದೆ. ಹೈಡ್ರೋಜನ್ ಸಲ್ಫೈಡ್ ಉಳಿದರೆ ಎಂಜಿನ್ನನ್ನೂ ಸಿಲಿಂಡರನ್ನೂ ತಿಂದುಹಾಕುತ್ತದೆ. ಹಾಗಾಗಿ ಗಂಧಕ ತೆಗೆಯಬೇಕು, ನೀರಿನಲ್ಲಿ ತೊಳೆದೋ ಪೊರೆಗಳ ಮೂಲಕ ಸೋಸಿಯೋ ಕಾರ್ಬನ್ ಡೈಆಕ್ಸೈಡ್ ಬೇರ್ಪಡಿಸಬೇಕು, ಒಣಗಿಸಬೇಕು, 200 ಬಾರ್‌ಗೂ ಮಿಕ್ಕಿದ ಒತ್ತಡದಲ್ಲಿ ತುಂಬಬೇಕು. ಹಾಗೆ ತಯಾರಾದದ್ದೇ ಬಯೋ ಸಿಎನ್‌ಜಿ. ಅಷ್ಟು ಒತ್ತಡದ ಸಿಲಿಂಡರ್ ಎಂದರೆ ಸ್ಫೋಟಕ ಸುರಕ್ಷತಾ ಸಂಸ್ಥೆ ಪೆಸೊದ ಅನುಮತಿಯೂ ಬೇಕು. ಇಷ್ಟೆಲ್ಲ ಮಾಡಿ ನಿಮಗೆ ಸಿಗುವುದು ದಿನಕ್ಕೆ ಹೆಚ್ಚೆಂದರೆ ಆರು ಕಿಲೋ ಇಂಧನ. ಅಷ್ಟಕ್ಕಾಗಿ ಆ ಯಂತ್ರಗಳನ್ನು ಕೊಳ್ಳಬೇಡಿ.

ಆದರೂ ನಿಮ್ಮ ಕಸದಿಂದ ವಾಹನ ಓಡಬಹುದು, ನಿಮ್ಮ ಹಿತ್ತಲಿನಲ್ಲಿ ಅಲ್ಲ, ದೊಡ್ಡ ಘಟಕದಲ್ಲಿ. 2018ರ ಅಕ್ಟೋಬರ್‌ನಲ್ಲಿ ಶುರುವಾದ ಕೇಂದ್ರ ಸರ್ಕಾರದ ಸತತ್ ಯೋಜನೆಯಡಿ ತೈಲ ಕಂಪನಿಗಳು ಹೀಗೆ ಶುದ್ಧಮಾಡಿದ ಗ್ಯಾಸನ್ನು ಕೊಳ್ಳುತ್ತವೆ. ಸಿಎನ್‌ಜಿ ಮತ್ತು ಮನೆಗಳ ಪೈಪ್ ಗ್ಯಾಸ್‌ನಲ್ಲಿ ಇದನ್ನು ಬೆರೆಸುವುದು 2025-26ರಲ್ಲಿ ಶೇ. 1ರೊಂದಿಗೆ ಕಡ್ಡಾಯವಾಯಿತು, 2028-29ರ ಹೊತ್ತಿಗೆ ಅದು ಶೇ. 5ಕ್ಕೆ ಏರಬೇಕು. ತಂತ್ರಜ್ಞಾನಕ್ಕೆ ಬರವಿಲ್ಲ. ಇಂತಹ ಘಟಕ ಕಟ್ಟಿಕೊಡುವ ಪ್ರಾಜ್ ಕಂಪನಿಯ ನೆಲೆಯೇ ಪುಣೆ. ಹಿಟ್ಟು, ಅನ್ನದಂತಹ ಪಿಷ್ಟದಿಂದ ಸಗಣಿಗಿಂತ ಬಹಳ ಬೇಗ ಗ್ಯಾಸ್ ಬರುತ್ತದೆಂದು ಮನೆಮಟ್ಟದ ಸ್ಥಾವರ ಮಾಡಿ ತೋರಿಸಿದ ಆನಂದ ಕರ್ವೆಯವರೂ ಈ ಊರಿನವರೇ.

ಬರವಿರುವುದು ಶುದ್ಧ ಹಸಿ ಕಸಕ್ಕೆ. ನಾನು ಈ ಉತ್ತರ ಬರೆಯಲು ಕುಳಿತದ್ದೇ ಇದನ್ನು ಹೇಳುವುದಕ್ಕೆ. 2022ರ ಫೆಬ್ರುವರಿಯಲ್ಲಿ ಉದ್ಘಾಟನೆಯಾದ ಇಂದೋರಿನ ಘಟಕಕ್ಕೆ ದಿನಕ್ಕೆ 550 ಟನ್ ಹಸಿ ಕಸ ಅರಗಿಸಿ ಸುಮಾರು 17 ಟನ್ ಗ್ಯಾಸ್ ಕೊಡುವ ಸಾಮರ್ಥ್ಯವಿದೆ. ನೋಡಲು ಹೋದವರು ಯಂತ್ರಗಳ ಫೋಟೋ ತೆಗೆದುಕೊಂಡು ಬರುತ್ತಾರೆ. ಆ ಊರಿನ ನಿಜವಾದ ಬಲ ಮನೆಮನೆಯಲ್ಲೂ ಕಸ ಬೇರೆಯಾಗಿ ಬರುವುದರಲ್ಲಿದೆ. ಪುಣೆಯಲ್ಲಿ ಕಸ ಆಯುವವರದೇ ಆದ ಸ್ವಚ್ಛ್ ಸಹಕಾರಿಯ ಹೆಂಗಸರು ಬಾಗಿಲಿಗೆ ಬಂದು ಹಸಿ, ಒಣ ಎಂದು ವಿಂಗಡಿಸಿ ಒಯ್ಯುತ್ತಾರಲ್ಲ, ನನ್ನ ಮಟ್ಟಿಗೆ ಗ್ಯಾಸ್ ತಯಾರಿಕೆಯ ಮೊದಲ ಕುಶಲ ಕೆಲಸಗಾರರು ಅವರು.

ಹೋಟೆಲಿನಿಂದ ಬರುವ ಡಬ್ಬಿಗಳಲ್ಲಿ ನಾವು ಏನೇನು ನೋಡುತ್ತೇವೆ ಗೊತ್ತೇ? ಸ್ಟೀಲ್ ಚಮಚ, ಸಾಸ್ ಪೊಟ್ಟಣ, ಹಲ್ಲುಕಡ್ಡಿ, ಹಾಲಿನ ಪ್ಯಾಕೆಟ್ಟಿನಿಂದ ಕತ್ತರಿಸಿದ ಮೂಲೆ. ಚಮಚ ಸಿಕ್ಕಿಕೊಂಡರೆ ಕಸ ಅರೆಯುವ ಯಂತ್ರದ ಅಲಗು ಮುರಿಯುತ್ತದೆ. ಪ್ಲಾಸ್ಟಿಕ್ ತೇಲಿ ಮೇಲೆ ಕೆನೆಯಂತೆ ಕಟ್ಟಿ ಗ್ಯಾಸ್ ಏಳಲು ಬಿಡುವುದಿಲ್ಲ. ತೆಂಗಿನ ಚಿಪ್ಪು, ನಾರು ನಮ್ಮ ಹೋಟೆಲುಗಳಲ್ಲಿ ರಾಶಿ ಬೀಳುತ್ತವೆ. ಅವು ತಿಂಗಳುಗಟ್ಟಲೆ ಇದ್ದರೂ ಅರಗುವುದಿಲ್ಲ. ಅವನ್ನು ಉರುವಲಿಗೆ ಕೊಡಿ. ಹಿಂಡಿದ ನಿಂಬೆ ಸಿಪ್ಪೆ ಹೆಚ್ಚಾದರೆ ಅದರ ಎಣ್ಣೆ ಸೂಕ್ಷ್ಮಜೀವಿಗಳಿಗೆ ಒಗ್ಗದು.

ಗ್ಯಾಸ್ ಮಾಡುವ ಈ ಸೂಕ್ಷ್ಮಜೀವಿಗಳಲ್ಲಿ ಎರಡು ಬಣಗಳಿವೆ. ಒಂದು ಬಣ ಅನ್ನ, ಹಿಟ್ಟು, ತರಕಾರಿಯನ್ನು ಒಡೆದು ಆಮ್ಲ ಮಾಡುತ್ತದೆ, ಬಹಳ ಚುರುಕು. ಇನ್ನೊಂದು ಬಣ ಆ ಆಮ್ಲವನ್ನು ಮೀಥೇನ್ ಮಾಡುತ್ತದೆ, ಅದು ನಿಧಾನ, ದ್ವಿಗುಣವಾಗಲು ದಿನಗಳು ಬೇಕು. ಭಾನುವಾರ ಉಳಿದ ಅನ್ನವನ್ನೆಲ್ಲ ಸೋಮವಾರ ಒಮ್ಮೆಲೇ ಸುರಿದರೆ ಮೊದಲ ಬಣ ಗೆದ್ದು, ಮಿತಿಮೀರಿ ಹುದುಗಿದ ಇಡ್ಲಿ ಹಿಟ್ಟಿನಂತೆ ಇಡೀ ತೊಟ್ಟಿ ಹುಳಿಯಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ 7ರ ಆಸುಪಾಸಿನಿಂದ 6.5ಕ್ಕಿಂತ ಕೆಳಗಿಳಿದರೆ ಗ್ಯಾಸ್ ಬಂದರೂ ಉರಿ ಹತ್ತುವುದಿಲ್ಲ. ಆಗ ಕಸ ಹಾಕುವುದನ್ನು ನಿಲ್ಲಿಸಿ ಕಾಯಬೇಕು. ಸಣ್ಣ ಸ್ಥಾವರ ಹಾಕಿಸಿದವರು ಇಲ್ಲೇ ತಾಳ್ಮೆ ಕಳೆದುಕೊಂಡು ಅದನ್ನು ಮುಚ್ಚಿಬಿಡುತ್ತಾರೆ. ಮುಚ್ಚಬೇಡಿ, ಅದು ಚೇತರಿಸಿಕೊಳ್ಳುತ್ತದೆ. ದಿನವೂ ಒಂದೇ ಅಳತೆ, ಚೆನ್ನಾಗಿ ಅರೆದು, ನೀರು ಬೆರೆಸಿ ಹಾಕಿ. ಆರಂಭದಲ್ಲಿ ಸಗಣಿಯಿಂದ ತೊಟ್ಟಿ ಹದಗೊಳಿಸಿ ಕೆಲವು ವಾರ ಕಾಯಿರಿ.

(ಊರಿನಿಂದ ನೆಂಟರು ಫೋನ್ ಮಾಡಿ ಕಬ್ಬಿನ ರವದಿಯಿಂದ ಆಗುವುದಿಲ್ಲವೇ ಎಂದು ಕೇಳುತ್ತಾರೆ. ರವದಿಯಲ್ಲಿ ಲಿಗ್ನಿನ್ ಎಂಬ ಗಟ್ಟಿ ಅಂಶ ಹೆಚ್ಚು, ಮುಂಚಿತ ಸಂಸ್ಕರಣೆ ಇಲ್ಲದೆ ಅರಗದು. ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಹಾಲು ಸೋಸಿದಾಗ ಉಳಿಯುವ ಮಡ್ಡಿ, ಅಂದರೆ ಪ್ರೆಸ್‌ಮಡ್, ಉತ್ತಮ, ಸುಮಾರು 25 ಟನ್ನಿಗೆ ಒಂದು ಟನ್ ಶುದ್ಧ ಗ್ಯಾಸ್. ಆದರೆ ಹಂಗಾಮು ಮುಗಿದ ಮೇಲೆ ಬಯಲಿನಲ್ಲಿ ರಾಶಿ ಹಾಕಿಟ್ಟರೆ ಅದರ ಸತ್ವ ಅಲ್ಲೇ ಕೊಳೆತುಹೋಗುತ್ತದೆ.)

ಸಣ್ಣ ಸ್ಥಾವರ ಮಾರುವವರು ಸಾಮಾನ್ಯವಾಗಿ ಹೇಳದೆ ಬಿಡುವ ಮಾತು ಸ್ಲರಿಯದ್ದು, ಅಂದರೆ ಗ್ಯಾಸ್ ಬಂದ ಮೇಲೆ ಉಳಿಯುವ ಬಗ್ಗಡದ್ದು. ಹಾಕಿದ ಕಸ ಮತ್ತು ನೀರು ಹೆಚ್ಚುಕಡಿಮೆ ಅಷ್ಟೇ ಪ್ರಮಾಣದಲ್ಲಿ ಹೊರಬರುತ್ತದೆ, ನಿಮಗೆ ದಿನಕ್ಕೆ 250 ಲೀಟರಿಗೂ ಮೇಲೆ. ಒಳ್ಳೆಯ ಗೊಬ್ಬರವೇ ಸರಿ, ಆದರೆ ಕೋಥರೂಡ್‌ನಲ್ಲಿ ಅದನ್ನು ಎಲ್ಲಿಗೆ ಬಿಡುತ್ತೀರಿ? ಹತ್ತಿರದ ನರ್ಸರಿಯೊಂದಿಗೆ ಮೊದಲೇ ಮಾತಾಡಿಟ್ಟುಕೊಳ್ಳಿ. ಮಾತು ಕುದುರದಿದ್ದರೆ ಸ್ಥಾವರ ಹಾಕಿಸಬೇಡಿ, ವಿಂಗಡಿಸಿದ ಕಸವನ್ನು ದೊಡ್ಡ ಘಟಕಕ್ಕೆ ಕೊಡುವ ಒಪ್ಪಂದ ಮಾಡಿಕೊಳ್ಳಿ. ದಿನಕ್ಕೆ 100 ಕಿಲೋ ಕಸ ದಾಟಿದವರನ್ನು 2016ರ ಘನತ್ಯಾಜ್ಯ ನಿಯಮಗಳೇ ದೊಡ್ಡ ಕಸ ಉತ್ಪಾದಕರೆಂದು ಗುರುತಿಸಿದ್ದವು, ಹಾಗಾಗಿ ಎರಡರಲ್ಲಿ ಒಂದು ದಾರಿ ನೀವು ಹಿಡಿಯಲೇಬೇಕು.

ಸ್ಥಾವರ ಹಾಕಿಸುವುದಾದರೆ ಎರಡು ಮಾತು. ಹೋಟೆಲ್ ರಜೆ ಇದ್ದ ದಿನ ಹೆಚ್ಚಾದ ಗ್ಯಾಸನ್ನು ಗಾಳಿಗೆ ಬಿಡಬೇಡಿ, ಉರಿಸಿಬಿಡಿ. ಸುಡದ ಮೀಥೇನ್ ನೂರು ವರ್ಷಗಳ ಲೆಕ್ಕದಲ್ಲಿ ಕಾರ್ಬನ್ ಡೈಆಕ್ಸೈಡ್‌ಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಬಿಸಿಮಾಡುತ್ತದೆ. ಇನ್ನೊಂದು, ತೊಟ್ಟಿ ಕಟ್ಟಿಕೊಂಡಿತೆಂದು ಕೆಲಸದ ಹುಡುಗರನ್ನು ಎಂದಿಗೂ ಒಳಗೆ ಇಳಿಸಬೇಡಿ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗು ವಾಸನೆ ಹಿಡಿಯುವುದನ್ನೇ ನಿಲ್ಲಿಸುತ್ತದೆ, ಇಳಿದವನನ್ನು ಎತ್ತಲು ಹೋದವನೂ ಸಾಯುತ್ತಾನೆ. ತೊಟ್ಟಿ ಖಾಲಿ ಮಾಡುವ ಜವಾಬ್ದಾರಿ ಹಾಕಿಕೊಟ್ಟವರದೇ ಎಂದು ಒಪ್ಪಂದದಲ್ಲಿ ಬರೆಸಿಕೊಂಡ ನಂತರವೇ ಮುಂಗಡ ಕೊಡಿ.