ನಾಲ್ಕೇ ದಿನಕ್ಕೆ ಚಾರ್ಜ್ ಖಾಲಿಯಾಗುವ ಗೇಟಿನ ಕ್ಯಾಮೆರಾ

ತಿಪಟೂರಿನ ತೋಟದ ಮನೆ ಗೇಟಿಗೆ ಹಾಕಿದ ಬ್ಯಾಟರಿ ಕ್ಯಾಮೆರಾ ನಾಲ್ಕೇ ದಿನಕ್ಕೆ ಖಾಲಿಯಾಗುತ್ತೆ, ಲೈವ್ ತೆರೆದರೆ ಸುಮ್ನೆ ಸುತ್ತುತ್ತಾ ಇರುತ್ತೆ, ಬ್ಯಾಟರಿ ಬದಲಿಸಬೇಕಾ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ದುಡ್ಡು ಹಾಕಬೇಡಿ. ಎರಡೂ ತೊಂದರೆಗೆ ಬೇರು ಒಂದೇ ಇರಬಹುದು. ವೈಫೈ ಸಿಗ್ನಲ್ ಕಮ್ಮಿಯಿದ್ದಾಗ ಕ್ಯಾಮೆರಾ ಅದೇ ವಿಡಿಯೊವನ್ನು ಮತ್ತೆ ಮತ್ತೆ ಕಳಿಸಲು ಒದ್ದಾಡುತ್ತದೆ. ಚಾರ್ಜ್ ಆ ಒದ್ದಾಟಕ್ಕೇ ಹೋಗುತ್ತದೆ.

ಆ್ಯಪ್‌ನಲ್ಲಿ ಸಿಗ್ನಲ್ ಸಂಖ್ಯೆ ತೋರಿಸಿದರೆ ನೋಡಿ. ಮೈನಸ್ 60ರ ಆಸುಪಾಸು ಇದ್ದರೆ ಚೆನ್ನಾಗಿದೆ, ಮೈನಸ್ 75ಕ್ಕಿಂತ ಕೆಳಗಿಳಿದರೆ (ಮೈನಸ್ 80ರ ಹಾಗೆ) ಕಷ್ಟ. ರೂಟರ್ ಒಳಕೋಣೆಯ ಬೀರು ಪಕ್ಕ ಇದ್ಯಾ? ಗೇಟಿನ ಕಡೆಯ ಕಿಟಕಿಗೆ ತನ್ನಿ. ರೂಟರ್‌ನಲ್ಲಿ 2.4 ಮತ್ತು 5 ಗಿಗಾಹರ್ಟ್ಸ್ ಅಂತ ಎರಡು ವೈಫೈ ಇದ್ದರೆ ಕ್ಯಾಮೆರಾವನ್ನು 2.4ಕ್ಕೇ ಜೋಡಿಸಿ, ಗೋಡೆ ದಾಟಿ ಜಾಸ್ತಿ ದೂರ ಹೋಗುವುದು ಅದೇ. ನಮ್ಮಲ್ಲಿ ಕ್ಯಾಮೆರಾ ಕಬ್ಬಿಣದ ಗೇಟಿಗೆ ಮರೆಯಾಗಿತ್ತು. ಒಂದು ಮೊಳ ಮೇಲೆ, ಕಂಬಕ್ಕೆ ಕಟ್ಟಿದ ಮೇಲೆ ಚಿತ್ರ ತಡೆಯಿಲ್ಲದೆ ಬರತೊಡಗಿತು.

ಇನ್ನೊಂದು, ತೆಂಗಿನ ಗರಿ. ನಮ್ಮ ಕಡೆ ಇದನ್ನು ಯಾರೂ ಲೆಕ್ಕಕ್ಕೇ ತಗೊಳ್ಳಲ್ಲ. ಬಿಸಿಲಿಗೆ ಕಾದ ಗರಿ ಗಾಳಿಗೆ ತೂಗಿದರೆ ಶಾಖ ಗುರುತಿಸುವ ಸೆನ್ಸರ್ ಯಾರೋ ಬಂದರು ಅಂದುಕೊಳ್ಳುತ್ತದೆ. ಪ್ರತಿ ಸಲವೂ ಎದ್ದು ರೆಕಾರ್ಡ್ ಮಾಡುತ್ತದೆ. ನಿನ್ನೆಯ ಕ್ಲಿಪ್‌ಗಳನ್ನು ಒಂದೊಂದಾಗಿ ತೆರೆದು ನೋಡಿ. ಬರೀ ಗರಿ, ನಾಯಿ, ರಸ್ತೆಯ ಬೈಕುಗಳೇ ಇದ್ದರೆ ಆ್ಯಪ್‌ನಲ್ಲಿ ಗೇಟಿನಷ್ಟೇ ಜಾಗವನ್ನು ಗುರುತು ಮಾಡಿ, ಸೆನ್ಸಿಟಿವಿಟಿ ಒಂದು ಹಂತ ಇಳಿಸಿ, ಕ್ಲಿಪ್ 10 ಸೆಕೆಂಡಿಗೆ ಇಡಿ. ಅಡ್ಡ ಬರುವ ಒಣಗರಿ ಇದ್ದರೆ ಕೀಳಿಸಿಬಿಡಿ.

ಸೋಲಾರ್ ಪ್ಯಾನೆಲ್ ಹಾಕಿದ್ದರೆ ಅದಕ್ಕೆ ಮರದ ನೆರಳು ಬೀಳಬಾರದು.

ಪೂರ್ತಿ ಚಾರ್ಜ್ ಮಾಡಿ ಒಂದು ವಾರ ನೋಡಿ. ಆಗಲೂ ನಾಲ್ಕೇ ದಿನ ಬಂದರೆ ಬ್ಯಾಟರಿ ಬದಲಿಸಿ.