ಶೇರ್ ಮಾಡಿದ ಫೋಲ್ಡರಿನಲ್ಲಿ ಫೈಲ್ ತೆರೆಯುತ್ತದೆ, ಸೇವ್ ಆಗುವುದಿಲ್ಲ. ಯಾಕೆ?

ಪ್ರಶ್ನೆ: ವಿಂಡೋಸ್ ಕಂಪ್ಯೂಟರಿನ ಒಂದು ಫೋಲ್ಡರನ್ನು ನೆಟ್‌ವರ್ಕಿನಲ್ಲಿ ಶೇರ್ ಮಾಡಿದ್ದೇವೆ. ಸೆಕ್ಯುರಿಟಿ ಟ್ಯಾಬಿನಲ್ಲಿ ಗ್ರೂಪಿಗೆ ಫುಲ್ ಕಂಟ್ರೋಲ್ ಕೊಟ್ಟರೂ ಬೇರೆ ಕಂಪ್ಯೂಟರಿನಿಂದ ಸೇವ್ ಆಗುತ್ತಿಲ್ಲ. ಕೆಲವರು ಓದಿದರೆ ಸಾಕು, ಉಳಿದವರು ತಿದ್ದಬೇಕು. ಹೇಗೆ ಮಾಡುವುದು?

ಉತ್ತರ: ನೆಟ್‌ವರ್ಕಿನಿಂದ ಬರುವವರು ಎರಡು ಬಾಗಿಲು ದಾಟಬೇಕು: ಒಂದು ಶೇರ್ ಪರ್ಮಿಷನ್, ಇನ್ನೊಂದು ಸೆಕ್ಯುರಿಟಿ ಟ್ಯಾಬಿನದು. ಎರಡರಲ್ಲಿ ಯಾವುದು ಬಿಗಿಯೋ ಅದೇ ನಡೆಯುತ್ತದೆ. ನೀವು ಎರಡನೆಯದನ್ನು ಮಾತ್ರ ತೆರೆದಿದ್ದೀರಿ. ಅಡ್ವಾನ್ಸ್ಡ್ ಶೇರಿಂಗ್‌ನಲ್ಲಿ ಎವ್ರಿಒನ್‌ಗೆ, ಅಂದರೆ ಎಲ್ಲರಿಗೂ, ಮೊದಲಿನಿಂದಲೇ ಬರೀ ‘ರೀಡ್’ ಇರುತ್ತದೆ. ಅದೇ ಕಂಪ್ಯೂಟರಿನಲ್ಲಿ ಕೂತು ಪರೀಕ್ಷಿಸಿದರೆ ಈ ತಪ್ಪು ಕಾಣುವುದೇ ಇಲ್ಲ, ಶೇರ್ ಪರ್ಮಿಷನ್ ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ಓದುವವರಿಗೊಂದು, ತಿದ್ದುವವರಿಗೊಂದು ಗ್ರೂಪ್ ಮಾಡಿ. ಪ್ರಾಪರ್ಟೀಸ್, ಶೇರಿಂಗ್, ಅಡ್ವಾನ್ಸ್ಡ್ ಶೇರಿಂಗ್, ಪರ್ಮಿಷನ್ಸ್‌ಗೆ ಹೋಗಿ ಎವ್ರಿಒನ್ ತೆಗೆದು, ಎರಡೂ ಗ್ರೂಪಿಗೆ ‘ಚೇಂಜ್’ ಕೊಡಿ. ನಿಜವಾದ ಹಿಡಿತ ಸೆಕ್ಯುರಿಟಿ ಟ್ಯಾಬಿನಲ್ಲಿರಲಿ. ಅಲ್ಲಿ ಓದುವವರಿಗೆ ‘ರೀಡ್ ಆ್ಯಂಡ್ ಎಕ್ಸಿಕ್ಯೂಟ್’, ತಿದ್ದುವವರಿಗೆ ‘ಮಾಡಿಫೈ’. ಫುಲ್ ಕಂಟ್ರೋಲ್ ಬೇಡ, ಪರ್ಮಿಷನ್ನನ್ನೇ ಬದಲಿಸುವ ಅಧಿಕಾರ ಅವರ ಕೈಗೆ ಹೋಗುತ್ತದೆ.

‘ರೈಟ್’ ಒಂದೇ ಸಾಲದೇ ಎಂದು ಹಲವರು ಕೇಳುತ್ತಾರೆ. ಸಾಲದು. ವರ್ಡ್‌ನಂಥ ಪ್ರೋಗ್ರಾಮುಗಳು ಸೇವ್ ಮಾಡುವಾಗ ಮೊದಲು ತಾತ್ಕಾಲಿಕ ಫೈಲ್ ಬರೆದು, ಹಳೆಯದನ್ನು ತೆಗೆದು, ಹೊಸದಕ್ಕೆ ಆ ಹೆಸರು ಕೊಡುತ್ತವೆ. ಅಳಿಸುವ ಅನುಮತಿ ಇಲ್ಲದಿದ್ದರೆ ಅಲ್ಲೇ ಸಿಕ್ಕಿಕೊಳ್ಳುತ್ತದೆ. ‘ಮಾಡಿಫೈ’ನಲ್ಲಿ ಅಳಿಸುವ ಅನುಮತಿಯೂ ಸೇರಿದೆ.

ಮೇಲಿನ ಡ್ರೈವಿನಿಂದ ಇಳಿದುಬಂದ ‘ಆಥೆಂಟಿಕೇಟೆಡ್ ಯೂಸರ್ಸ್’ ಅಥವಾ ‘ಯೂಸರ್ಸ್’ ಎಂಬ ಸಾಮಾನ್ಯ ಗ್ರೂಪುಗಳು ಸೆಕ್ಯುರಿಟಿ ಪಟ್ಟಿಯಲ್ಲಿದ್ದರೆ ಓದುವವರೂ ಬರೆದುಬಿಡಬಹುದು. ಸೆಕ್ಯುರಿಟಿ ಟ್ಯಾಬಿನ ಅಡ್ವಾನ್ಸ್ಡ್‌ನಲ್ಲಿ ಇನ್‌ಹೆರಿಟೆನ್ಸ್ (ಮೇಲಿನಿಂದ ಅನುಮತಿ ಇಳಿದುಬರುವುದು) ನಿಲ್ಲಿಸಿ, ಇಳಿದುಬಂದವನ್ನು ಈ ಫೋಲ್ಡರಿನದೇ ಅನುಮತಿಯಾಗಿಸುವ ‘ಕನ್ವರ್ಟ್’ ಆರಿಸಿ, ಆಮೇಲೆ ಅವನ್ನು ತೆಗೆಯಿರಿ. ಸಿಸ್ಟಮ್, ಅಡ್ಮಿನಿಸ್ಟ್ರೇಟರ್ಸ್ ಮಾತ್ರ ಮುಟ್ಟಬೇಡಿ. ಅನುಮತಿ ನಿರಾಕರಿಸುವ ‘ಡಿನೈ’ಗೆ ಟಿಕ್ ಹಾಕಲೂಬೇಡಿ. ಕೊಟ್ಟ ಅನುಮತಿಗಿಂತ ನಿರಾಕರಣೆಯೇ ಮೇಲಾಗುವುದರಿಂದ, ಎರಡೂ ಗ್ರೂಪಿನಲ್ಲಿರುವ ಒಬ್ಬರಿದ್ದರೆ ಅವರ ಕೆಲಸ ನಿಲ್ಲುತ್ತದೆ.

ಗ್ರೂಪಿಗೆ ಹೊಸದಾಗಿ ಸೇರಿಸಿದವರು ಲಾಗ್‌ಆಫ್ ಆಗಿ ಮತ್ತೆ ಲಾಗಿನ್ ಆಗಲೇಬೇಕು, ಅಲ್ಲಿಯವರೆಗೆ ಹಳೆಯ ಅನುಮತಿಯೇ.

ಇಷ್ಟಾದರೂ ಒಂದೆರಡು ಫೈಲ್ ಮಾತ್ರ ತೆರೆಯದಿದ್ದರೆ, ಅವು ಅದೇ ಡ್ರೈವಿನ ಬೇರೆ ಫೋಲ್ಡರಿನಿಂದ ‘ಕಟ್’ ಆಗಿ ಬಂದಿರಬಹುದು. ಹಾಗೆ ಬಂದ ಫೈಲು ಹಳೆಯ ಜಾಗದ ಪರ್ಮಿಷನ್ನನ್ನೇ ಉಳಿಸಿಕೊಳ್ಳುವುದುಂಟು. ಕಾಪಿ ಮಾಡಿದರೆ ಹೊಸ ಫೋಲ್ಡರಿನದು ಬರುತ್ತದೆ. ಈಗಾಗಲೇ ಬಂದವಕ್ಕೆ, ಶೇರ್ ಮಾಡಿದ ಫೋಲ್ಡರಿನ ಸೆಕ್ಯುರಿಟಿ ಟ್ಯಾಬಿನ ಅಡ್ವಾನ್ಸ್ಡ್‌ನಲ್ಲಿ, ಒಳಗಿನ ಎಲ್ಲ ಫೈಲುಗಳ ಪರ್ಮಿಷನ್ ಬದಲಿಸುವ ‘ರಿಪ್ಲೇಸ್’ ಚೌಕಕ್ಕೆ ಟಿಕ್ ಹಾಕಿ ಅಪ್ಲೈ ಒತ್ತಿ. ಒಳಗೆ ಬೇರೆ ಅನುಮತಿಯಿಟ್ಟ ಉಪಫೋಲ್ಡರ್ ಇದ್ದರೆ ಆ ಅನುಮತಿಯೂ ಅಳಿಸಿಹೋಗುತ್ತದೆ, ಅದನ್ನು ಮೊದಲೇ ಬರೆದಿಟ್ಟುಕೊಳ್ಳಿ.